ಆನೆ ಲಾಯದ ಹುಡುಗ ಸಾಬು

ನಿಮ್ಮಲ್ಲಿ ಎಷ್ಟೋ ಜನ ವೀಕೆಂಡ್‌ಗೆ ಜಯನಗರ, ಜೆ.ಪಿ. ನಗರದಿಂದ ಕಾರ್ ಮಾಡ್ಕೊಂಡು ಕಬಿನಿ ಸಫಾರಿಗೆ ಹೋಗಿ ಬಂದಿರ್ತೀರಿ. ಆ ಕಡೆಯೇ ಕಾರಾಪುರ ಇರೋದು. 1924ರಲ್ಲಿ ಅಲ್ಲಿ ಹುಟ್ಟಿದ ಒಬ್ಬ ಹುಡುಗನ ಜೀವನವನ್ನು ಇವತ್ತು ನೋಡೋಣ. ಅವನ ಹೆಸರು ಸಾಬು.

ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ತಾಯಿ ಬೇಗ ತೀರಿಹೋದರು. ಸಾಬು ಇನ್ನೂ ಚಿಕ್ಕವನಿರುವಾಗಲೇ ತಂದೆಯೂ ಹೋದರು. ಅನಾಥ ಹುಡುಗ ಅರಮನೆಯ ಆನೆ ಲಾಯದಲ್ಲೇ ಬೆಳೆದ. ಇಷಯನ ಮನೆಯಲ್ಲಿ ಕುರಿ ಕಾಯೋ ದಾವೀದನನ್ನು ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ, ಅಲ್ವಾ? ಇವನ ಸ್ಥಿತಿಯೂ ಹೆಚ್ಚುಕಮ್ಮಿ ಹಾಗೇ.

ಆಗ ರಾಬರ್ಟ್ ಫ್ಲಾಹರ್ಟಿ ಅನ್ನೋ ನಿರ್ದೇಶಕರು ಕಿಪ್ಲಿಂಗ್ ಬರೆದ ಮಾವುತ ಹುಡುಗನ ಕಥೆಯನ್ನು ಸಿನಿಮಾ ಮಾಡೋಕೆ ಮೈಸೂರಿಗೆ ಬಂದರು. ಸಾಬು ಅವರ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ಬಿಡುಗಡೆ ಆಯ್ತು. ಅಣ್ಣನ ಜೊತೆ ಇಂಗ್ಲೆಂಡಿಗೆ ಹೋದ ಹುಡುಗ ಅಲ್ಲಿ ಶಾಲೆಗೂ ಸೇರಿದ. 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್', 1942ರಲ್ಲಿ 'ಜಂಗಲ್ ಬುಕ್'. ಹದಿನೆಂಟು ವರ್ಷಕ್ಕೆ ಹಾಲಿವುಡ್ ತಾರೆ! ಆದರೆ ಗಮನಿಸಿ, ಹೆಚ್ಚಿನ ಪಾತ್ರಗಳು ಒಂದೇ ಥರ. ಪೇಟ, ಬರಿಮೈ, ಕಾಡು, ಪ್ರಾಣಿ. ಲೋಕ ಅವನಿಗೆ ಒಂದು ಲೇಬಲ್ ಅಂಟಿಸಿಬಿಟ್ಟಿತ್ತು.

1944ರಲ್ಲಿ ಸಾಬು ಅಮೆರಿಕದ ಪ್ರಜೆಯಾದರು. ಸಿನಿಮಾ ಮಾಡ್ಕೊಂಡು ಆರಾಮಾಗಿ ಇರಬಹುದಿತ್ತು. ಅವರು ವಾಯುಸೇನೆ ಸೇರಿದರು! ಪೆಸಿಫಿಕ್ ಮೇಲೆ ಹಾರೋ ಬಿ-24 ಬಾಂಬರ್‌ನಲ್ಲಿ ಗನ್ನರ್. ಮೇಕಪ್ ಇಲ್ಲ, ರೀಟೇಕ್ ಇಲ್ಲ, ಎದುರಿನಿಂದ ಬರೋದು ನಿಜವಾದ ಗುಂಡು. ಹತ್ತಾರು ಸಲ ಹಾಗೆ ಹೋಗಿ ಬಂದರು. ಶೌರ್ಯಕ್ಕೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಿಕ್ಕಿತು. ಅವರ ಸಿನಿಮಾಗಳಿಗಿಂತ ನನಗೆ ಈ ಭಾಗವೇ ದೊಡ್ಡದು. ಯಾಕಂದ್ರೆ ಇದನ್ನು ಯಾವ ನಿರ್ದೇಶಕರೂ ಅವರಿಗೆ ಕೊಟ್ಟಿದ್ದಲ್ಲ.

ಯುದ್ಧ ಮುಗಿದ ಮೇಲೆ ಒಳ್ಳೆ ಪಾತ್ರಗಳು ಕಡಿಮೆಯಾಗುತ್ತಾ ಬಂದವು. 1947ರ 'ಬ್ಲ್ಯಾಕ್ ನಾರ್ಸಿಸಸ್' ಚೆನ್ನಾಗಿತ್ತು, ಆಮೇಲೆ ಬಂದದ್ದು ಬಹುಪಾಲು ಸಣ್ಣಪುಟ್ಟವು. ಮರುವರ್ಷ ಮ್ಯಾರಿಲಿನ್ ಕೂಪರ್ ಅವರನ್ನು ಮದುವೆಯಾದರು, ಇಬ್ಬರು ಮಕ್ಕಳಾದರು. 1950ರ ದಶಕದಲ್ಲಿ ಲಂಡನ್‌ನ ಸರ್ಕಸ್‌ನಲ್ಲಿ ಮತ್ತೆ ಆನೆಗಳ ಜೊತೆ ನಿಂತರು. ಮೆಹಬೂಬ್ ಖಾನ್ ತಮ್ಮ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಇವರನ್ನೇ ಕೇಳಿದ್ದರು. ಅದು ಕೂಡಿಬರಲಿಲ್ಲ, ಸುನಿಲ್ ದತ್ ಮಾಡಿದರು. ಹುಟ್ಟಿದ ದೇಶದ ಒಂದು ಸಿನಿಮಾದಲ್ಲೂ ಸಾಬು ನಟಿಸಲಿಲ್ಲ. ಇದನ್ನು ಓದಿದಾಗ ನನಗೆ ಸಂಕಟ ಆಯ್ತು.

1963ರ ಡಿಸೆಂಬರ್ 2ರಂದು ಹೃದಯಾಘಾತ. ವಯಸ್ಸು ಬರೀ 39. ಕೊನೆಯ ಸಿನಿಮಾ 'ಎ ಟೈಗರ್ ವಾಕ್ಸ್' ತೆರೆಗೆ ಬಂದಾಗ ಅವರಿರಲಿಲ್ಲ. ಅದರಲ್ಲೂ ಅವರಿಗೆ ಸಿಕ್ಕಿದ್ದು ಪ್ರಾಣಿ ನೋಡಿಕೊಳ್ಳೋನ ಪಾತ್ರವೇ.