ಟಾಲ್‌ಸ್ಟಾಯ್ ಅವರ ಹಸ್ತಪ್ರತಿಗಳು

ರಷ್ಯಾ ದೇಶದ ತೂಲಾ ನಗರದ ಸಮೀಪದಲ್ಲಿ ಯಾಸ್ನಯಾ ಪೊಲ್ಯಾನಾ ಎಂಬ ಹಳ್ಳಿಯಿದೆ. ಕಾದಂಬರಿಕಾರ ಲಿಯೊ ಟಾಲ್‌ಸ್ಟಾಯ್ ಅಲ್ಲಿಯ ಜಮೀನುದಾರರ ಮನೆತನದಲ್ಲಿ 1828ರಲ್ಲಿ ಜನಿಸಿದರು. ಎಳವೆಯಲ್ಲಿಯೇ ತಾಯಿತಂದೆಗಳನ್ನು ಕಳೆದುಕೊಂಡು, ವಿಶ್ವವಿದ್ಯಾನಿಲಯದ ವ್ಯಾಸಂಗವನ್ನು ನಡುವೆಯೇ ತೊರೆದು, ಸೈನಿಕರಾಗಿ ಕ್ರಿಮಿಯಾ ಯುದ್ಧವನ್ನು ಕಣ್ಣಾರೆ ಕಂಡ ಅವರು 1862ರಲ್ಲಿ ಸೋಫಿಯಾ ಎಂಬ ಹದಿನೆಂಟು ವರ್ಷದ ತರುಣಿಯನ್ನು ವಿವಾಹವಾದರು. ಮರುವರ್ಷ ಆ ಮನೆಯಲ್ಲಿ ‘ಯುದ್ಧ ಮತ್ತು ಶಾಂತಿ’ಯ ರಚನೆ ಆರಂಭವಾಯಿತು.

ಅವರು ಮೊದಲು ಬರೆಯಹೊರಟದ್ದು ಈ ಕಥೆಯನ್ನಲ್ಲ. 1825ರಲ್ಲಿ ಚಕ್ರವರ್ತಿಯ ವಿರುದ್ಧ ದಂಗೆಯೆದ್ದು ಸೈಬೀರಿಯಾಕ್ಕೆ ಗಡೀಪಾರಾದವನೊಬ್ಬನು 1856ರಲ್ಲಿ ಮರಳಿ ಬರುವ ಕಥೆ ಅವರ ಮನಸ್ಸಿನಲ್ಲಿತ್ತು. ಅವನನ್ನು ಅರಿಯಬೇಕಾದರೆ ದಂಗೆಯ ಕಾಲವನ್ನು ಅರಿಯಬೇಕೆನಿಸಿತು. ಆ ಕಾಲಕ್ಕೆ ಹೋದಾಗ, ಅವನ ಯೌವನ ಕಳೆದ 1812ನ್ನು, ಎಂದರೆ ನೆಪೋಲಿಯನ್ನನ ದಂಡಯಾತ್ರೆಯ ವರ್ಷವನ್ನು ಬಿಡುವಂತಿರಲಿಲ್ಲ. ಆದರೆ ತನ್ನ ನಾಡಿನ ಗೆಲುವನ್ನು ಹಾಡಿ ಅದಕ್ಕೆ ಮುಂಚಿನ ಸೋಲನ್ನು ಮರೆಮಾಡಲು ಅವರಿಗೆ ನಾಚಿಕೆಯಾಯಿತು. ಕಥೆ 1805ಕ್ಕೆ ಸರಿಯಿತು. ಆರಂಭದ ಪುಟಗಳನ್ನೇ ಹಲವು ಬಗೆಯಾಗಿ ಬರೆದು ಬರೆದು ಬದಿಗಿಟ್ಟರು. 1867ರಲ್ಲಿ ಬೊರೊಡಿನೊ ರಣಭೂಮಿಗೆ ತಾವೇ ಹೋಗಿ ನೆಲವನ್ನು ನೋಡಿಕೊಂಡು ಬಂದರು. ಗ್ರಂಥ ಮುಗಿದದ್ದು 1869ರಲ್ಲಿ.

ಈ ತಿದ್ದುಪಡಿಯ ಭಾರದಲ್ಲಿ ದೊಡ್ಡ ಪಾಲನ್ನು ಹೊತ್ತವರು ಸೋಫಿಯಾ. ಪತಿಯ ಅಕ್ಷರ ಬಲು ತೊಡಕು; ಗೀಟುಗಳ ನಡುವೆ ಗೀಟು, ಅಂಚಿನಲ್ಲಿ ಅಡ್ಡಬರೆಹ. ಮನೆಗೆಲಸ ಮುಗಿದು ಮಕ್ಕಳು ಮಲಗಿದ ಮೇಲೆ ಅವರು ದೀಪದ ಮುಂದೆ ಕುಳಿತು ಅದೆಲ್ಲವನ್ನೂ ಶುದ್ಧಪ್ರತಿ ಮಾಡುತ್ತಿದ್ದರು. ಆ ಅಂದವಾದ ಹಾಳೆಗಳು ಟಾಲ್‌ಸ್ಟಾಯ್ ಅವರ ಕೈಸೇರಿ ಮತ್ತೆ ಮಸಿಮಯವಾಗಿ ಹಿಂದಿರುಗುತ್ತಿದ್ದವು. ‘ಅನ್ನಾ ಕರೆನಿನಾ’ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದಾಗ ಕರಡಚ್ಚುಗಳ ಗತಿಯೂ ಇದೇ. ಅವನ್ನು ಅಂಚೆಗೆ ಹಾಕಿದ ಮೇಲೂ ಒಂದೆರಡು ಪದಗಳನ್ನು ಬದಲಿಸಬೇಕೆಂದು ತಂತಿ ಕಳುಹಿಸಿದ್ದುಂಟೆಂದು ಮಗ ಇಲ್ಯಾ ನೆನೆದಿದ್ದಾರೆ. ಗ್ರಂಥದ ಮೇಲೆ ಒಬ್ಬರದೇ ಹೆಸರು. ದುಡಿದ ಕೈಗಳು ನಾಲ್ಕು.

ಬದಲಾದದ್ದು ಪದಗಳು ಮಾತ್ರವಲ್ಲ. ಗಂಡನನ್ನು ತೊರೆದುಹೋಗುವ ಅನ್ನಾಳು ಮೊದಲ ಕರಡುಗಳಲ್ಲಿ ಒರಟು ನಡತೆಯವಳು. ಓದುಗರ ಮರುಕವೆಲ್ಲ ಗಂಡನ ಪಾಲಿಗೆ. ಲೇಖಕರು ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡಂತಿತ್ತು. ಬರೆಹ ಮುಂದುವರಿದಂತೆ ಆಕೆಯ ಸಂಕಟ ಅವರಿಗೆ ಗೋಚರವಾಯಿತು. ಇಂದು ಓದುಗರು ಕಾಣುವ ಅನ್ನಾಳು ಚೆಲುವೆ, ಸತ್ಯವಂತೆ, ದುಃಖಿನಿ.

‘ಪುನರುತ್ಥಾನ’ವಂತೂ 1889ರಿಂದ 1899ರವರೆಗೆ ಎಳೆಯಿತು. ನ್ಯಾಯವಾದಿಯೊಬ್ಬರಿಂದ ಕೇಳಿದ ಸಂಗತಿಯೇ ಅದರ ಮೂಲ: ತಾನು ಹಿಂದೆ ಕೆಡಿಸಿದ ಹೆಣ್ಣು ಅಪರಾಧಿಯಾಗಿ ಕಟಕಟೆಯಲ್ಲಿ ನಿಂತಿರುವುದನ್ನು ಸಿರಿವಂತನೊಬ್ಬನು ಕಾಣುತ್ತಾನೆ. ಮೊದಲ ಕರಡಿನಲ್ಲಿ ಆತನು ಅವಳನ್ನು ಮದುವೆಯಾಗಿ ಪಾಪ ಕಳೆದುಕೊಳ್ಳುತ್ತಾನೆ. ಸುಖಾಂತವೇನೋ ಸರಿ, ಆದರೆ ಅದು ಟಾಲ್‌ಸ್ಟಾಯ್ ಅವರಿಗೆ ಸುಳ್ಳೆನಿಸಿತು. 1895ರಲ್ಲಿ ಕಥೆಯನ್ನು ಅವನಿಂದಲ್ಲ, ಅವಳಿಂದ ತೊಡಗಬೇಕೆಂದು ನಿಶ್ಚಯಿಸಿದರು. ಅಚ್ಚಾದ ಕೃತಿಯಲ್ಲಿ ಕತ್ಯೂಷಾ ಅವನ ಕೈಹಿಡಿಯಲು ಒಪ್ಪುವುದಿಲ್ಲ. ಧರ್ಮದ ನಿಮಿತ್ತ ಹಿಂಸೆಗೊಳಗಾಗಿದ್ದ ದುಖೋಬೋರ್ ಜನರು ಕೆನಡಾಕ್ಕೆ ವಲಸೆ ಹೋಗಲು ಹಣ ಬೇಕಾಗಿದ್ದುದರಿಂದ ಅವರು ಆ ಕಾದಂಬರಿಯನ್ನು ಮುಗಿಸಿಕೊಟ್ಟರು. ಆ ಅವಸರದಲ್ಲಿಯೂ ಕರಡಚ್ಚನ್ನು ತಿದ್ದುವುದನ್ನು ಬಿಡಲಿಲ್ಲ.

ಎಪ್ಪತ್ತು ದಾಟುವ ವಯಸ್ಸಿನಲ್ಲಿ, ಕಾಕಸಸ್ಸಿನ ವೀರ ಹಾಜಿ ಮುರಾದನ ಕಥೆಯನ್ನು 1896ರಿಂದ 1904ರವರೆಗೆ ಮತ್ತೆ ಮತ್ತೆ ಬರೆದರು. ಅದನ್ನು ಅಚ್ಚಿಗೆ ಕಳುಹಿಸಲೇ ಇಲ್ಲ. 1910ರ ನವೆಂಬರಿನಲ್ಲಿ, ಮನೆಬಿಟ್ಟು ಹೊರಟ ಅವರು ಅಸ್ತಾಪೊವೊ ರೈಲು ನಿಲ್ದಾಣದಲ್ಲಿ ಕೊನೆಯುಸಿರೆಳೆದಾಗ ಆ ಕಥೆ ಹಸ್ತಪ್ರತಿಯಾಗಿಯೇ ಉಳಿದಿತ್ತು. ಅದು ಬೆಳಕು ಕಂಡದ್ದು 1912ರಲ್ಲಿ.