ಕಾಖ್ ಗುಟ್ಟಾಗಿಟ್ಟ ಔಷಧ ಮತ್ತು ನಮ್ಮ ಮುಂಗೈ ಮೇಲಿನ ಊತ

ನಮ್ಮ ಆಸ್ಪತ್ರೆಗಳಲ್ಲಿ ಕೆಲವು ವೈದ್ಯರು ಫೈಲಿನಲ್ಲಿ ಟಿ.ಬಿ. ಎಂದು ಬರೆಯದೆ ಕಾಕ್ಸ್ ಎಂದು ಬರೆಯುವುದುಂಟು. ರೋಗಿಯ ಎದುರು ಕಾಯಿಲೆಯ ಹೆಸರೆತ್ತಲು ಹಿಂಜರಿದಾಗ ಬಳಸುವ ಮಾತು ಅದು. ಬಂದಿದ್ದು ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಅವರ ಹೆಸರಿನಿಂದ. ಮುಂಗೈಗೆ ಸಣ್ಣದಾಗಿ ಚುಚ್ಚಿ ಎರಡು ಮೂರು ದಿನ ಬಿಟ್ಟು ನೋಡುವ ಮಾಂಟೂ ಪರೀಕ್ಷೆಯ ಮೂಲವೂ ಇದೇ ಕಾಖ್. ಆದರೆ ಹೆಸರು ಬಂದದ್ದು ಅವರ ಗೆಲುವಿನಿಂದ, ಪರೀಕ್ಷೆ ಬಂದದ್ದು ಸೋಲಿನಿಂದ.

ಕಾಖ್ ಹುಟ್ಟಿದ್ದು 1843ರಲ್ಲಿ. ವೋಲ್‌ಸ್ಟೈನ್ ಎಂಬ ಸಣ್ಣ ಊರಿನಲ್ಲಿ ಸರ್ಕಾರಿ ವೈದ್ಯರಾಗಿದ್ದಾಗ, ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ದನಕುರಿಗಳನ್ನು ಕೊಲ್ಲುತ್ತಿದ್ದ ಆಂಥ್ರಾಕ್ಸ್ ರೋಗದ ಬೆನ್ನು ಹತ್ತಿದರು. 1876ರಲ್ಲಿ ಪ್ರಕಟವಾದ ಆ ಪ್ರಬಂಧ ಅವರನ್ನು ವಿಜ್ಞಾನಿಗಳ ಸಾಲಿಗೆ ತಂದಿತು. 1880ರಲ್ಲಿ ಬರ್ಲಿನ್‌ಗೆ ಕರೆ ಬಂತು.

ಕ್ಷಯ ವಂಶಪಾರಂಪರ್ಯವಾಗಿ ಬರುತ್ತದೆ ಎಂದು ಆಗ ಬಹಳ ವೈದ್ಯರೇ ನಂಬಿದ್ದರು. 1882ರ ಮಾರ್ಚ್ 24ರಂದು ಬರ್ಲಿನ್‌ನ ಸಭೆಯೊಂದರಲ್ಲಿ ಕಾಖ್ ಅದನ್ನು ಬುಡಮೇಲು ಮಾಡಿದರು. ಬಣ್ಣ ಹಾಕಿ ಬ್ಯಾಕ್ಟೀರಿಯಾ ಕಾಣಿಸುವಂತೆ ಮಾಡಿದ್ದು, ಹೆಪ್ಪುಗಟ್ಟಿಸಿದ ರಕ್ತದ್ರವದ ಮೇಲೆ ಅದನ್ನು ಬೆಳೆಸಿದ್ದು, ಗಿನಿಪಿಗ್‌ಗಳಿಗೆ ಚುಚ್ಚಿ ಮತ್ತೆ ಕ್ಷಯ ಬರಿಸಿದ್ದು, ಎಲ್ಲವನ್ನೂ ಹಂತಹಂತವಾಗಿ ಹೇಳಿದರು. ಮೂರು ವಾರದೊಳಗೆ ಅದು ಅಚ್ಚಾಗಿ ಬಂತು. ಯಾರು ಬೇಕಾದರೂ ತಮ್ಮ ಪ್ರಯೋಗಾಲಯದಲ್ಲಿ ಮಾಡಿ ನೋಡಬಹುದಿತ್ತು, ಮಾಡಿಯೂ ನೋಡಿದರು. ಮಾರ್ಚ್ 24 ಈಗ ವಿಶ್ವ ಕ್ಷಯರೋಗ ದಿನ.

ಎಂಟು ವರ್ಷದ ನಂತರ ಅದೇ ಮನುಷ್ಯ ಬೇರೆಯೇ ರೀತಿ ನಡೆದುಕೊಂಡರು. 1890ರ ಆಗಸ್ಟ್‌ನಲ್ಲಿ ಬರ್ಲಿನ್‌ನ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ, ಗಿನಿಪಿಗ್‌ಗಳಲ್ಲಿ ಕ್ಷಯವನ್ನು ತಡೆಯುವ ವಸ್ತು ಸಿಕ್ಕಿದೆ ಎಂದರು. ನವೆಂಬರ್‌ನಲ್ಲಿ ಮನುಷ್ಯರ ಮೇಲಿನ ಪ್ರಯೋಗದ ಬಗ್ಗೆ ಪ್ರಬಂಧ ಬಂತು. ಅದರಲ್ಲಿ ಎಷ್ಟು ಕೊಡಬೇಕು, ಏನಾಗುತ್ತದೆ ಎಂಬುದಿತ್ತು. ಅದು ಏನು ಎಂಬುದೇ ಇರಲಿಲ್ಲ! ಈ ಔಷಧದಿಂದ ಹಣ ಬರುವ ಲೆಕ್ಕಾಚಾರವೂ ಅವರಿಗಿತ್ತು ಎಂದು ಇತಿಹಾಸಕಾರರು ತೋರಿಸಿದ್ದಾರೆ.

ಹೆಸರು ಕಾಖ್ ಅವರದ್ದಾದ್ದರಿಂದ ಜನ ನಂಬಿದರು. ಕೆಮ್ಮುತ್ತಾ ರಕ್ತ ಉಗುಳುತ್ತಾ ರೋಗಿಗಳು ರೈಲು ಹತ್ತಿ ಬರ್ಲಿನ್‌ಗೆ ಬಂದರು. ಶೆರ್ಲಾಕ್ ಹೋಮ್ಸ್ ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ (ಅವರೂ ವೈದ್ಯರೇ) ನೋಡಲು ಹೋಗಿ, ಇದು ಗುಣಪಡಿಸುತ್ತದೆ ಎಂಬುದಕ್ಕೆ ಪುರಾವೆ ಸಾಲದು ಎಂಬ ಅಭಿಪ್ರಾಯ ಹೊತ್ತು ಮರಳಿದರು. ಚುಚ್ಚಿಸಿಕೊಂಡವರಿಗೆ ವಿಪರೀತ ಜ್ವರ, ನಡುಕ. ಕೆಲವರು ಸತ್ತರು. 1891ರ ಜನವರಿಯಲ್ಲಿ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಚೋ ಶವಪರೀಕ್ಷೆಗಳ ವಿವರ ಮುಂದಿಟ್ಟು, ಈ ದ್ರವ ರೋಗವನ್ನು ದೇಹದೊಳಗೆ ಇನ್ನಷ್ಟು ಹರಡಿರುವಂತೆ ಕಾಣುತ್ತದೆ ಎಂದರು. ಅದೇ ತಿಂಗಳು ಕಾಖ್ ಬಾಯಿ ಬಿಟ್ಟರು: ಅದು ಕ್ಷಯದ ಬ್ಯಾಕ್ಟೀರಿಯಾದಿಂದ ಗ್ಲಿಸರಿನ್ ಬಳಸಿ ತೆಗೆದ ಸಾರ, ಟ್ಯೂಬರ್‌ಕ್ಯುಲಿನ್. ಮೊದಲೇ ಹೇಳಿದ್ದರೆ ಬೇರೆಯವರು ಪ್ರಾಣಿಗಳ ಮೇಲೆ ಪರೀಕ್ಷಿಸಿ ನೋಡಬಹುದಿತ್ತು. 1882ರ ಪ್ರಬಂಧದ ಬಲವೇ ಅದಾಗಿತ್ತು. ಇದನ್ನು ಸಣ್ಣ ತಪ್ಪು ಎನ್ನಲು ನಮಗೆ ಮನಸ್ಸಾಗುವುದಿಲ್ಲ.

ಆದರೂ ಅವರು ಕಂಡದ್ದು ಸುಳ್ಳಾಗಿರಲಿಲ್ಲ. ಕ್ಷಯ ಇದ್ದವರ ದೇಹ ಈ ದ್ರವಕ್ಕೆ ಜೋರಾಗಿ ಕೆರಳುತ್ತದೆ ಎಂದು ಕಾಖ್ ಬರೆದಿದ್ದರು. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅದನ್ನೇ ಹಿಡಿದು 1907ರಲ್ಲಿ ಚರ್ಮ ಗೀರಿ ಒಂದು ಹನಿ ಟ್ಯೂಬರ್‌ಕ್ಯುಲಿನ್ ಹಾಕುವ ಪರೀಕ್ಷೆ ತಂದರು. ಅಲರ್ಜಿ ಎಂಬ ಪದವನ್ನು ಹುಟ್ಟುಹಾಕಿದವರೂ ಇವರೇ. ಮರುವರ್ಷ ಫ್ರಾನ್ಸಿನ ಶಾರ್ಲ್ ಮಾಂಟೂ ಅದನ್ನು ಸೂಜಿಯಲ್ಲಿ ಚರ್ಮದ ಪದರದೊಳಗೆ ಕೊಡುವಂತೆ ಬದಲಿಸಿದರು.

ಇಲ್ಲೇ ನಾವು ಎಡವುವುದು. ಮಾಂಟೂ ಪಾಸಿಟಿವ್ ಬಂತೆಂದರೆ ಟಿ.ಬಿ. ಇದೆ ಎಂದು ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ನಮ್ಮ ರಕ್ತದ ಟಿ ಜೀವಕೋಶಗಳಿಗೆ ನೆನಪಿನ ಶಕ್ತಿಯಿದೆ. ಕ್ಷಯದ ಬ್ಯಾಕ್ಟೀರಿಯಾವನ್ನು ಒಮ್ಮೆ ಎದುರಿಸಿದ್ದರೆ, ಅದರ ಪ್ರೋಟೀನ್ ಕಂಡೊಡನೆ ಅವು ಅಲ್ಲಿಗೆ ಸೇರುತ್ತವೆ. ಹಾಗೆ ಸೇರಲು ಹೊತ್ತು ಬೇಕಾದ್ದರಿಂದಲೇ 48ರಿಂದ 72 ಗಂಟೆಯ ನಂತರ ಅಳೆಯುತ್ತಾರೆ. ಅಳೆಯುವುದು ಗಟ್ಟಿಯಾದ ಊತವನ್ನು. ಕೆಂಪಾದ ಜಾಗ ಲೆಕ್ಕಕ್ಕಿಲ್ಲ. ಬಿಸಿಜಿ ಲಸಿಕೆ ಹಾಕಿಸಿಕೊಂಡವರಿಗೂ ಊತ ಬರಬಹುದು. ಸೋಂಕು ತಗುಲಿದವರಲ್ಲಿ ಜೀವಮಾನದಲ್ಲಿ ರೋಗವಾಗುವುದು ನೂರಕ್ಕೆ ಐದರಿಂದ ಹತ್ತು ಜನರಿಗೆ. ರೋಗ ಇದೆಯೇ ಎಂಬುದನ್ನು ಕಫ ಪರೀಕ್ಷೆ, ಎಕ್ಸ್‌ರೇಗಳಿಂದ ತಿಳಿಯಬೇಕು. ಇನ್ನೊಂದು ಮಾತು: ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಟಿ.ಬಿ. ಇದ್ದೂ ಊತ ಬಾರದೆ ಇರಬಹುದು.

1905ರಲ್ಲಿ ಕಾಖ್‌ಗೆ ನೊಬೆಲ್ ಬಂತು, ಕ್ಷಯದ ಸಂಶೋಧನೆಗಾಗಿ. ಟ್ಯೂಬರ್‌ಕ್ಯುಲಿನ್ ಮೇಲಿನ ಆಸೆ ಮಾತ್ರ ಅವರು ಬಿಡಲಿಲ್ಲ. 1897ರಲ್ಲೇ ಹೊಸ ಬಗೆಯದೊಂದನ್ನು ತಯಾರಿಸಿದ್ದರು, ಅದೂ ಗುಣಪಡಿಸಲಿಲ್ಲ. 1910ರ ಮೇ 27ರಂದು, 66ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೂ ಕೆಲವು ವಾರ ಮೊದಲು ಬರ್ಲಿನ್‌ನಲ್ಲಿ ಅವರು ಕೊಟ್ಟ ಉಪನ್ಯಾಸದ ವಿಷಯವೂ ಕ್ಷಯವೇ ಆಗಿತ್ತು.