ಸೆರ್ಗೆಯ್ ಐಸೆನ್‌ಸ್ಟೈನ್

ಸೆರ್ಗೆಯ್ ಮಿಖಾಯ್ಲೊವಿಚ್ ಐಸೆನ್‌ಸ್ಟೈನ್ (ಜನವರಿ 22, 1898 – ಫೆಬ್ರವರಿ 11, 1948) ಸೋವಿಯತ್ ಒಕ್ಕೂಟದ ಚಲನಚಿತ್ರ ನಿರ್ದೇಶಕ, ಸಂಕಲನಕಾರ, ಅಧ್ಯಾಪಕ ಹಾಗೂ ಚಲನಚಿತ್ರ ಸಿದ್ಧಾಂತಿ. ಎರಡು ಚಿತ್ರಿಕೆಗಳನ್ನು ಒಂದರ ಪಕ್ಕದಲ್ಲಿ ಒಂದಿರಿಸಿದಾಗ ಎರಡರಲ್ಲಿಯೂ ಇಲ್ಲದ ಹೊಸ ಅರ್ಥವೊಂದು ಹುಟ್ಟುತ್ತದೆ ಎಂಬ ತತ್ತ್ವದ ಮೇಲೆ ಅವರು ಬೆಳೆಸಿದ ಮಾಂಟಾಜ್ ಸಿದ್ಧಾಂತವು ಚಲನಚಿತ್ರ ಸಂಕಲನದ ಇತಿಹಾಸದಲ್ಲಿ ಪ್ರಮುಖ ಸ್ಥಾನ ಪಡೆದಿದೆ. ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ (1925) ಅವರ ಅತ್ಯಂತ ಪ್ರಸಿದ್ಧ ಚಿತ್ರ. ಸಂಕಲನವೇ ಸಿನಿಮಾದ ಜೀವಾಳವೆಂದು ಪ್ರತಿಪಾದಿಸಿದ ಐಸೆನ್‌ಸ್ಟೈನ್ ಅವರಿಗೆ ತಮ್ಮ ಹಲವು ಚಿತ್ರಗಳ ಸಂಕಲನದ ಮೇಲೆ ಹಿಡಿತ ಉಳಿಯಲಿಲ್ಲ. ಒಂದು ಚಿತ್ರ ಪರರ ಕೈಸೇರಿತು, ಒಂದು ನಾಶವಾಯಿತು, ಮತ್ತೊಂದು ಅವರ ಮರಣದ ಹತ್ತು ವರ್ಷಗಳ ನಂತರವಷ್ಟೇ ಬಿಡುಗಡೆಯಾಯಿತು.

ಆರಂಭಿಕ ಜೀವನ

ಐಸೆನ್‌ಸ್ಟೈನ್ ಅಂದು ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಲಾಟ್ವಿಯಾದ ರಾಜಧಾನಿಯಾಗಿರುವ ರಿಗಾ ನಗರದಲ್ಲಿ ಜನಿಸಿದರು. ತಂದೆ ಮಿಖಾಯಿಲ್ ಒಸಿಪೊವಿಚ್ ವಾಸ್ತುಶಿಲ್ಪಿ. ಅವರು ವಿನ್ಯಾಸಗೊಳಿಸಿದ ಅಲಂಕೃತ ಮುಂಭಾಗದ ಕಟ್ಟಡಗಳು ರಿಗಾದಲ್ಲಿ ಇಂದಿಗೂ ಇವೆ. ತಾಯಿ ಯೂಲಿಯಾ ಇವಾನೊವ್ನಾ ಸೇಂಟ್ ಪೀಟರ್ಸ್‌ಬರ್ಗ್‌ನ ವರ್ತಕ ಕುಟುಂಬದವರು. ತಂದೆತಾಯಿಯರ ದಾಂಪತ್ಯ ಮುರಿದುದರಿಂದ ಬಾಲಕನ ದಿನಗಳು ಎರಡು ನಗರಗಳ ನಡುವೆ ಹಂಚಿಹೋದವು.

ತಂದೆಯ ಹಾದಿಯನ್ನೇ ಹಿಡಿದು ಐಸೆನ್‌ಸ್ಟೈನ್ ಪೆಟ್ರೋಗ್ರಾಡ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ವ್ಯಾಸಂಗಕ್ಕೆ ಸೇರಿದರು. ಕ್ರಾಂತಿಯ ನಂತರ 1918ರಲ್ಲಿ ಓದನ್ನು ಬಿಟ್ಟು ಕೆಂಪು ಸೇನೆಯನ್ನು ಸೇರಿದರು. ತಂದೆ ಎದುರಾಳಿ ಪಕ್ಷವನ್ನು ಬೆಂಬಲಿಸಿ ಜರ್ಮನಿಗೆ ತೆರಳಿದರು. 1920ರಲ್ಲಿ ಐಸೆನ್‌ಸ್ಟೈನ್ ಜಪಾನಿ ಭಾಷೆಯ ಅಧ್ಯಯನ ಕೈಗೊಂಡರು. ಆ ಭಾಷೆಯ ಚಿತ್ರಲಿಪಿಯ ಪರಿಚಯವು ಮುಂದೆ ಅವರ ಸಂಕಲನ ಸಿದ್ಧಾಂತಕ್ಕೆ ಆಧಾರವಾಯಿತು.

ರಂಗಭೂಮಿಯಿಂದ ಸಿನಿಮಾಕ್ಕೆ

ಮಾಸ್ಕೋಗೆ ಬಂದ ಐಸೆನ್‌ಸ್ಟೈನ್ ಪ್ರೊಲೆಟ್‌ಕುಲ್ಟ್ ರಂಗಮಂದಿರದಲ್ಲಿ ರಂಗಸಜ್ಜಿಕೆಯ ಕೆಲಸ ಆರಂಭಿಸಿದರು. 1921ರಲ್ಲಿ ಹೆಸರಾಂತ ರಂಗ ನಿರ್ದೇಶಕ ವ್ಸೆವೊಲೊದ್ ಮೆಯರ್‌ಹೋಲ್ಡ್ ಅವರ ಶಿಷ್ಯರಾದರು. 1923ರಲ್ಲಿ ‘ಲೆಫ್’ ಪತ್ರಿಕೆಯಲ್ಲಿ ಆಕರ್ಷಣೆಗಳ ಮಾಂಟಾಜ್ ಕುರಿತ ಲೇಖನವನ್ನು ಪ್ರಕಟಿಸಿದರು. ಸರ್ಕಸ್ಸಿನ ಆಟಗಳಂತೆ ಬಿಡಿಬಿಡಿಯಾದ ಪ್ರಬಲ ಪ್ರಸಂಗಗಳನ್ನು ಜೋಡಿಸಿ ಪ್ರೇಕ್ಷಕನ ಮನಸ್ಸಿನಲ್ಲಿ ಉದ್ದೇಶಿತ ಪರಿಣಾಮವನ್ನು ಉಂಟುಮಾಡಬೇಕೆಂಬುದು ಅದರ ತಿರುಳು.

ಸಂಕಲನದ ಕೈಕೆಲಸವನ್ನು ಅವರು ಇತರರ ಬಳಿ ಕಲಿತರು. ಲೆವ್ ಕುಲೆಶೊವ್ ಅವರ ಕಾರ್ಯಾಗಾರದಲ್ಲಿ ಕೆಲಕಾಲ ಇದ್ದರು. ವಿದೇಶೀ ಚಿತ್ರಗಳನ್ನು ಸೋವಿಯತ್ ಪ್ರದರ್ಶನಕ್ಕೆ ತಕ್ಕಂತೆ ಮರುಸಂಕಲಿಸುತ್ತಿದ್ದ ಎಸ್ಫಿರ್ ಶೂಬ್ ಅವರೊಂದಿಗೆ ಫ್ರಿಟ್ಸ್ ಲಾಂಗ್ ನಿರ್ದೇಶನದ ಜರ್ಮನ್ ಚಿತ್ರ ‘ಡಾಕ್ಟರ್ ಮಾಬುಸೆ’ಯನ್ನು ಕತ್ತರಿಸಿ ಜೋಡಿಸುವ ಕೆಲಸದಲ್ಲಿ ಭಾಗಿಯಾದರು. ಅವೇ ಚಿತ್ರಿಕೆಗಳ ಅನುಕ್ರಮವನ್ನು ಬದಲಿಸಿದರೆ ಕಥೆಯ ಅರ್ಥವೇ ಬದಲಾಗುತ್ತದೆ ಎಂಬುದನ್ನು ಈ ಕೆಲಸ ಅವರಿಗೆ ಮನಗಾಣಿಸಿತು.

‘ಸ್ಟ್ರೈಕ್’ (1925) ಅವರ ಮೊದಲ ಪೂರ್ಣಪ್ರಮಾಣದ ಚಿತ್ರ. ಮುಷ್ಕರ ನಿರತ ಕಾರ್ಮಿಕರ ಹತ್ಯೆಯ ದೃಶ್ಯಗಳ ನಡುವೆ ಕಸಾಯಿಖಾನೆಯಲ್ಲಿ ಎತ್ತನ್ನು ಕಡಿಯುವ ದೃಶ್ಯಗಳನ್ನು ಇದರಲ್ಲಿ ಹೆಣೆಯಲಾಗಿದೆ. ಕಸಾಯಿಖಾನೆಗೂ ಕಥೆಗೂ ಸಂಬಂಧವಿಲ್ಲ. ಹೋಲಿಕೆಯನ್ನು ಕಟ್ಟುವುದು ಸಂಕಲನ ಮಾತ್ರ.

ಬ್ಯಾಟಲ್‌ಶಿಪ್ ಪೊಟೆಮ್ಕಿನ್

1905ರ ಕ್ರಾಂತಿಯ ಇಪ್ಪತ್ತನೆಯ ವಾರ್ಷಿಕೋತ್ಸವಕ್ಕಾಗಿ ತಯಾರಾದ ಈ ಚಿತ್ರವು ಕಪ್ಪು ಸಮುದ್ರದ ಯುದ್ಧನೌಕೆಯೊಂದರ ನಾವಿಕರ ಬಂಡಾಯವನ್ನು ಕುರಿತದ್ದು. ಛಾಯಾಗ್ರಾಹಕ ಎಡ್ವರ್ಡ್ ಟಿಸ್ಸೆ. ಡಿಸೆಂಬರ್ 21, 1925ರಂದು ಮಾಸ್ಕೋದ ಬೊಲ್ಷೊಯ್ ರಂಗಮಂದಿರದಲ್ಲಿ ಇದರ ಮೊದಲ ಪ್ರದರ್ಶನ ನಡೆಯಿತು. ಸುಮಾರು ಒಂದೂಕಾಲು ಗಂಟೆಯ ಈ ಚಿತ್ರದಲ್ಲಿ 1,300ಕ್ಕೂ ಹೆಚ್ಚು ಚಿತ್ರಿಕೆಗಳಿವೆ.

ಒಡೆಸ್ಸಾ ನಗರದ ಮೆಟ್ಟಿಲುಗಳ ಮೇಲಿನ ಹತ್ಯಾಕಾಂಡದ ದೃಶ್ಯವು ಸಂಕಲನದ ಪಠ್ಯಗಳಲ್ಲಿ ಇಂದಿಗೂ ಅಧ್ಯಯನದ ವಸ್ತು. ಸಾಲಾಗಿ ಇಳಿಯುವ ಸೈನಿಕರ ಬೂಟುಗಳು, ಚೆಲ್ಲಾಪಿಲ್ಲಿಯಾಗಿ ಓಡುವ ಜನ, ಗಾಯಗೊಂಡ ಮಗುವನ್ನೆತ್ತಿಕೊಂಡು ಸೈನಿಕರಿಗೆ ಎದುರಾಗಿ ಮೇಲೇರುವ ತಾಯಿ, ತಾನಾಗಿ ಉರುಳಿ ಇಳಿಯುವ ಮಗುವಿನ ತಳ್ಳುಗಾಡಿ ಇವುಗಳನ್ನು ಪರಸ್ಪರ ವಿರುದ್ಧ ದಿಕ್ಕು, ಗಾತ್ರ ಮತ್ತು ವೇಗಗಳಲ್ಲಿ ಜೋಡಿಸಲಾಗಿದೆ. ಮೆಟ್ಟಿಲಿಳಿಯಲು ನಿಜವಾಗಿ ಬೇಕಾಗುವ ಸಮಯಕ್ಕಿಂತ ತೆರೆಯ ಮೇಲಿನ ಸಮಯ ದೀರ್ಘವಾಗಿದ್ದು, ಭೀತಿಯ ಅನುಭವ ಹಿಗ್ಗುತ್ತದೆ. ಇದರ ಬೆನ್ನಿಗೇ ಬರುವ ಮೂರು ಕಲ್ಲಿನ ಸಿಂಹಗಳು ಕ್ರಿಮಿಯಾದ ಅಲುಪ್ಕಾ ಅರಮನೆಯಲ್ಲಿರುವ ಬೇರೆ ಬೇರೆ ಶಿಲ್ಪಗಳು. ಮಲಗಿದ, ಎಚ್ಚೆತ್ತ ಮತ್ತು ಎದ್ದ ಸಿಂಹಗಳ ಚಿತ್ರಿಕೆಗಳು ಕ್ರಮವಾಗಿ ಜೋಡಣೆಗೊಂಡು, ಕಲ್ಲೇ ರೊಚ್ಚಿಗೆದ್ದಂತೆ ಕಾಣುತ್ತದೆ.

ಚಿತ್ರವು 1926ರಲ್ಲಿ ಬರ್ಲಿನ್‌ನಲ್ಲಿ ಭಾರಿ ಯಶಸ್ಸು ಗಳಿಸಿತು. ಜರ್ಮನಿಯಲ್ಲಿ ಇದಕ್ಕೆ ಕತ್ತರಿ ಬಿದ್ದಿತು. ಬ್ರಿಟನ್‌ನಲ್ಲಿ 1954ರವರೆಗೆ ನಿಷೇಧವಿತ್ತು.

ಮಾಂಟಾಜ್ ಸಿದ್ಧಾಂತ

ಚಿತ್ರಿಕೆಗಳನ್ನು ಇಟ್ಟಿಗೆಗಳಂತೆ ಒಂದರ ಮೇಲೊಂದು ಪೇರಿಸಿ ಕಥೆ ಕಟ್ಟಬೇಕೆಂಬುದು ಸಮಕಾಲೀನ ನಿರ್ದೇಶಕ ವ್ಸೆವೊಲೊದ್ ಪುಡೊವ್ಕಿನ್ ಅವರ ನಿಲುವಾಗಿತ್ತು. ಐಸೆನ್‌ಸ್ಟೈನ್ ಇದನ್ನು ಒಪ್ಪದೆ, ಚಿತ್ರಿಕೆಗಳು ಪರಸ್ಪರ ಡಿಕ್ಕಿ ಹೊಡೆಯಬೇಕು, ಆ ಘರ್ಷಣೆಯಿಂದ ವಿಚಾರ ಹೊಮ್ಮಬೇಕು ಎಂದು ವಾದಿಸಿದರು. 1929ರ ಪ್ರಬಂಧವೊಂದರಲ್ಲಿ ಚಿತ್ರಲಿಪಿಯ ನಿದರ್ಶನ ನೀಡಿದರು: ಬಾಯಿಯ ಚಿಹ್ನೆಗೆ ನಾಯಿಯ ಚಿಹ್ನೆ ಸೇರಿದರೆ ಬೊಗಳುವಿಕೆ, ಬಾಗಿಲಿಗೆ ಕಿವಿ ಸೇರಿದರೆ ಆಲಿಸುವಿಕೆ, ನೀರಿಗೆ ಕಣ್ಣು ಸೇರಿದರೆ ಅಳು. ಕಣ್ಣಿಗೆ ಕಾಣುವ ಎರಡು ವಸ್ತುಗಳು ಕೂಡಿ ಚಿತ್ರಿಸಲಾಗದ ಒಂದು ಭಾವವನ್ನು ಸೂಚಿಸುತ್ತವೆ.

ಅದೇ ವರ್ಷ ಅವರು ಮಾಂಟಾಜನ್ನು ಐದು ಬಗೆಯಾಗಿ ವಿಂಗಡಿಸಿದರು.

- ಮಾತ್ರಾ ಮಾಂಟಾಜ್: ಒಳಗಿನ ವಿಷಯ ಏನೇ ಇರಲಿ, ಫಿಲ್ಮ್ ತುಣುಕುಗಳ ಉದ್ದದ ಅನುಪಾತವನ್ನೇ ಆಧರಿಸಿದ ಜೋಡಣೆ.
- ಲಯ ಮಾಂಟಾಜ್: ಚಿತ್ರಿಕೆಯೊಳಗಿನ ಚಲನೆಯನ್ನೂ ಗಣಿಸುವ ಜೋಡಣೆ. ಒಡೆಸ್ಸಾ ಮೆಟ್ಟಿಲುಗಳ ಮೇಲೆ ಸೈನಿಕರ ಹೆಜ್ಜೆಯ ಲಯವು ಸಂಕಲನದ ಲಯಕ್ಕೆ ಬೇಕೆಂದೇ ಹೊಂದದಂತಿದೆ.
- ಭಾವಸ್ವರ ಮಾಂಟಾಜ್: ಬೆಳಕು, ಮಸುಕುಗಳು ಮೂಡಿಸುವ ಭಾವವನ್ನು ಆಧರಿಸಿದ್ದು. ಪೊಟೆಮ್ಕಿನ್ ಚಿತ್ರದ ಬಂದರಿನ ಮಂಜಿನ ದೃಶ್ಯ ಇದಕ್ಕೆ ಉದಾಹರಣೆ.
- ಅನುರಣನ ಮಾಂಟಾಜ್: ಮೇಲಿನ ಎಲ್ಲ ಅಂಶಗಳೂ ಒಟ್ಟಾಗಿ ಉಂಟುಮಾಡುವ ಪರಿಣಾಮ.
- ಬೌದ್ಧಿಕ ಮಾಂಟಾಜ್: ಚಿತ್ರಿಕೆಗಳ ಸರಣಿಯಿಂದ ವಿಚಾರವನ್ನೇ ಮಂಡಿಸುವುದು. ‘ಅಕ್ಟೋಬರ್’ ಚಿತ್ರದಲ್ಲಿ ಹಲವು ಧರ್ಮಗಳ ದೇವತಾಮೂರ್ತಿಗಳು ಒಂದರ ನಂತರ ಒಂದು ಬಂದು ದೇವರ ಕಲ್ಪನೆಯನ್ನೇ ಪ್ರಶ್ನಿಸುತ್ತವೆ.

ಕತ್ತರಿ ಕೈತಪ್ಪಿದ ಚಿತ್ರಗಳು

ಕ್ರಾಂತಿಯ ದಶಮಾನೋತ್ಸವಕ್ಕಾಗಿ ತೆಗೆದ ‘ಅಕ್ಟೋಬರ್’ ಚಿತ್ರದಿಂದ, ಪಕ್ಷದಲ್ಲಿ ಪದಚ್ಯುತರಾದ ಟ್ರಾಟ್‌ಸ್ಕಿ ಅವರ ದೃಶ್ಯಗಳನ್ನು ತೆಗೆದುಹಾಕಬೇಕಾಯಿತು. ಅದು 1928ರಲ್ಲಿ ಬಿಡುಗಡೆಯಾಯಿತು. ಗ್ರಾಮೀಣ ಬದುಕಿನ ‘ಓಲ್ಡ್ ಅಂಡ್ ನ್ಯೂ’ (1929) ಚಿತ್ರವನ್ನು ಸ್ಟಾಲಿನ್ ಅವರ ಸೂಚನೆಯಂತೆ ಬದಲಿಸಲಾಯಿತು.

1929ರಲ್ಲಿ ಐಸೆನ್‌ಸ್ಟೈನ್ ತಮ್ಮ ಸಹಾಯಕ ಗ್ರಿಗೋರಿ ಅಲೆಕ್ಸಾಂಡ್ರೊವ್ ಹಾಗೂ ಟಿಸ್ಸೆ ಅವರೊಂದಿಗೆ ವಿದೇಶ ಪ್ರವಾಸ ಕೈಗೊಂಡರು. ಹಾಲಿವುಡ್‌ನ ಪ್ಯಾರಮೌಂಟ್ ಸಂಸ್ಥೆಯೊಂದಿಗಿನ ಒಪ್ಪಂದ ಯಾವ ಚಿತ್ರವೂ ಆಗದೆ 1930ರಲ್ಲಿ ಕೊನೆಗೊಂಡಿತು. ಬಳಿಕ ಲೇಖಕ ಅಪ್ಟನ್ ಸಿಂಕ್ಲೇರ್ ಮತ್ತು ಅವರ ಪತ್ನಿಯ ಹಣಕಾಸಿನ ನೆರವಿನಿಂದ ಮೆಕ್ಸಿಕೋದಲ್ಲಿ ‘ಕ್ವೆ ವಿವಾ ಮೆಕ್ಸಿಕೋ’ ಚಿತ್ರೀಕರಣ ಆರಂಭವಾಯಿತು. ಅವಧಿಯೂ ವೆಚ್ಚವೂ ಮಿತಿಮೀರಿದ್ದರಿಂದ 1932ರ ಆರಂಭದಲ್ಲಿ ಸಿಂಕ್ಲೇರ್ ಕೆಲಸ ನಿಲ್ಲಿಸಿದರು. ಕೊನೆಯ ಅಧ್ಯಾಯದ ಚಿತ್ರೀಕರಣ ನಡೆಯಲೇ ಇಲ್ಲ. ಮಾಸ್ಕೋಗೆ ಮರಳಿದ ಐಸೆನ್‌ಸ್ಟೈನ್ ಅವರಿಗೆ ಫಿಲ್ಮ್ ಸುರುಳಿಗಳು ತಲುಪಲಿಲ್ಲ. ಅವುಗಳಿಂದ ಅಮೆರಿಕದಲ್ಲಿ ಇತರರು ‘ಥಂಡರ್ ಓವರ್ ಮೆಕ್ಸಿಕೋ’ (1933) ಮೊದಲಾದ ಚಿತ್ರಗಳನ್ನು ಸಂಕಲಿಸಿದರು. ಅಲೆಕ್ಸಾಂಡ್ರೊವ್ 1979ರಲ್ಲಿ ಒಂದು ಆವೃತ್ತಿಯನ್ನು ಸಿದ್ಧಪಡಿಸಿದರಾದರೂ ನಿರ್ದೇಶಕರ ಸಂಕಲನ ಎಂದಿಗೂ ಆಗಲಿಲ್ಲ.

‘ಬೆಜಿನ್ ಮೆಡೋ’ ಚಿತ್ರವನ್ನು ಎರಡು ವರ್ಷಗಳ ಕೆಲಸದ ನಂತರ 1937ರಲ್ಲಿ ಸೋವಿಯತ್ ಚಿತ್ರೋದ್ಯಮದ ಮುಖ್ಯಸ್ಥ ಬೋರಿಸ್ ಶುಮ್ಯಾಟ್‌ಸ್ಕಿ ರೂಪವಾದದ ಆಪಾದನೆ ಹೊರಿಸಿ ತಡೆದರು. ಐಸೆನ್‌ಸ್ಟೈನ್ ಬಹಿರಂಗವಾಗಿ ತಪ್ಪೊಪ್ಪಿಕೊಳ್ಳಬೇಕಾಯಿತು. ಚಿತ್ರದ ಸುರುಳಿಗಳು ನಾಶವಾದವು. ಸಂಕಲನದ ವೇಳೆ ಕತ್ತರಿಸಿ ತೆಗೆದಿದ್ದ ಬಿಡಿ ಚೌಕಟ್ಟುಗಳನ್ನು ಪತ್ನಿ ಪೆರಾ ಅತಾಶೆವಾ ಜೋಪಾನ ಮಾಡಿದ್ದರು. ಸೆರ್ಗೆಯ್ ಯುಟ್ಕೆವಿಚ್ ಮತ್ತು ನೌಮ್ ಕ್ಲೈಮನ್ 1960ರ ದಶಕದಲ್ಲಿ ಆ ಸ್ಥಿರಚಿತ್ರಗಳನ್ನೇ ಚಿತ್ರಕಥೆಯ ಕ್ರಮದಲ್ಲಿ ಜೋಡಿಸಿ ಸುಮಾರು ಅರ್ಧ ಗಂಟೆಯ ಚಿತ್ರವೊಂದನ್ನು ರೂಪಿಸಿದರು.

ಧ್ವನಿ, ಬಣ್ಣ ಮತ್ತು ಕೊನೆಯ ವರ್ಷಗಳು

‘ಅಲೆಕ್ಸಾಂಡರ್ ನೆವ್‌ಸ್ಕಿ’ (1938) ಅವರು ಪೂರ್ಣಗೊಳಿಸಿದ ಮೊದಲ ವಾಕ್ಚಿತ್ರ. ಇದರಲ್ಲಿ ಸಂಯೋಜಕ ಸೆರ್ಗೆಯ್ ಪ್ರೊಕೊಫಿಯೆವ್ ಅವರೊಂದಿಗೆ ಸಂಗೀತ ಮತ್ತು ದೃಶ್ಯಗಳನ್ನು ಒಟ್ಟಾಗಿ ರೂಪಿಸಿದರು. ಕೆಲವೆಡೆ ದೃಶ್ಯಕ್ಕೆ ಸಂಗೀತ ರಚನೆಯಾದರೆ, ಕೆಲವೆಡೆ ಮೊದಲೇ ಸಿದ್ಧವಾದ ಸಂಗೀತಕ್ಕೆ ದೃಶ್ಯ ಜೋಡಣೆಯಾಯಿತು. ಹೆಪ್ಪುಗಟ್ಟಿದ ಸರೋವರದ ಮೇಲಿನ ಯುದ್ಧವನ್ನು ಬೇಸಿಗೆಯಲ್ಲಿ ಕೃತಕ ಹಿಮದ ಮೇಲೆ ಚಿತ್ರೀಕರಿಸಲಾಯಿತು. 1939ರ ಜರ್ಮನ್–ಸೋವಿಯತ್ ಒಪ್ಪಂದದ ನಂತರ ಹಿಂತೆಗೆದುಕೊಳ್ಳಲಾದ ಚಿತ್ರವು 1941ರಲ್ಲಿ ಜರ್ಮನಿಯ ದಾಳಿಯ ನಂತರ ಮತ್ತೆ ತೆರೆಕಂಡಿತು.

ಗುರು ಮೆಯರ್‌ಹೋಲ್ಡ್ ಅವರನ್ನು 1939ರಲ್ಲಿ ಬಂಧಿಸಿ 1940ರಲ್ಲಿ ಮರಣದಂಡನೆಗೆ ಗುರಿಪಡಿಸಲಾಯಿತು. ಅವರ ಕಾಗದಪತ್ರಗಳನ್ನು ಐಸೆನ್‌ಸ್ಟೈನ್ ತಮ್ಮ ಬೇಸಿಗೆ ಮನೆಯಲ್ಲಿ ಬಚ್ಚಿಟ್ಟು ಉಳಿಸಿದರು.

ಯುದ್ಧಕಾಲದಲ್ಲಿ ಅಲ್ಮಾ-ಅಟಾದಲ್ಲಿ ಚಿತ್ರೀಕರಣಗೊಂಡ ‘ಐವಾನ್ ದಿ ಟೆರಿಬಲ್’ ಮೊದಲ ಭಾಗಕ್ಕೆ ಸ್ಟಾಲಿನ್ ಪ್ರಶಸ್ತಿ ದೊರೆಯಿತು. 1946ರ ಫೆಬ್ರವರಿಯಲ್ಲಿ ಎರಡನೆಯ ಭಾಗದ ಸಂಕಲನ ಮುಗಿಸಿ ಪ್ರಶಸ್ತಿಯ ಸಂಭ್ರಮಕೂಟಕ್ಕೆ ಹೋದ ರಾತ್ರಿ ಅವರಿಗೆ ಹೃದಯಾಘಾತವಾಯಿತು. ಭಾಗಶಃ ವರ್ಣದಲ್ಲಿದ್ದ ಎರಡನೆಯ ಭಾಗವನ್ನು ಅದೇ ವರ್ಷ ಪಕ್ಷದ ಕೇಂದ್ರ ಸಮಿತಿ ಖಂಡಿಸಿತು. 1947ರಲ್ಲಿ ಸ್ಟಾಲಿನ್ ಅವರೊಂದಿಗಿನ ಭೇಟಿಯಲ್ಲಿ ಚಿತ್ರವನ್ನು ತಿದ್ದಲು ಅನುಮತಿ ದೊರೆತರೂ ಐಸೆನ್‌ಸ್ಟೈನ್ ಅದನ್ನು ತಿದ್ದಲಿಲ್ಲ. ಎರಡನೆಯ ಹೃದಯಾಘಾತದಿಂದ 1948ರಲ್ಲಿ, ತಮ್ಮ 50ನೆಯ ವಯಸ್ಸಿನಲ್ಲಿ ಮಾಸ್ಕೋದಲ್ಲಿ ನಿಧನರಾದರು. ಚಿತ್ರವು 1958ರಲ್ಲಿ ಬಿಡುಗಡೆಯಾಯಿತು. ಮೂರನೆಯ ಭಾಗಕ್ಕಾಗಿ ತೆಗೆದ ದೃಶ್ಯಗಳಲ್ಲಿ ಬಹುಪಾಲು ನಾಶವಾಗಿವೆ.

ಬೋಧನೆ ಮತ್ತು ಪ್ರಭಾವ

ಮಾಸ್ಕೋದ ರಾಜ್ಯ ಸಿನಿಮಾ ಸಂಸ್ಥೆಯಲ್ಲಿ 1930ರ ದಶಕದಿಂದ ಅವರು ನಿರ್ದೇಶನವನ್ನು ಬೋಧಿಸಿದರು. ಅವರ ಪ್ರಬಂಧಗಳು ಜೇ ಲೇಡಾ ಅವರ ಅನುವಾದದಲ್ಲಿ ‘ದಿ ಫಿಲ್ಮ್ ಸೆನ್ಸ್’ (1942) ಮತ್ತು ‘ಫಿಲ್ಮ್ ಫಾರ್ಮ್’ (1949) ಎಂಬ ಹೆಸರುಗಳಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ವಿಶ್ವದಾದ್ಯಂತ ಪಠ್ಯಗಳಾದವು. ಭಾರತದಲ್ಲಿ 1947ರಲ್ಲಿ ಸತ್ಯಜಿತ್ ರಾಯ್ ಮತ್ತಿತರರು ಸ್ಥಾಪಿಸಿದ ಕಲ್ಕತ್ತಾ ಫಿಲ್ಮ್ ಸೊಸೈಟಿಯು ಪೊಟೆಮ್ಕಿನ್ ಚಿತ್ರದೊಂದಿಗೆ ತನ್ನ ಪ್ರದರ್ಶನಗಳನ್ನು ಆರಂಭಿಸಿತು. ಬಂಗಾಳಿ ನಿರ್ದೇಶಕ ಋತ್ವಿಕ್ ಘಟಕ್ ಅವರ ಮೇಲೆ ಐಸೆನ್‌ಸ್ಟೈನ್ ಪ್ರಭಾವ ಗಾಢವಾದುದು. ಬ್ರಯಾನ್ ಡಿ ಪಾಲ್ಮಾ ನಿರ್ದೇಶನದ ‘ದಿ ಅನ್‌ಟಚಬಲ್ಸ್’ (1987) ಚಿತ್ರದ ರೈಲು ನಿಲ್ದಾಣದ ದೃಶ್ಯದಲ್ಲಿ ಒಡೆಸ್ಸಾದ ಮೆಟ್ಟಿಲುಗಳೂ ತಳ್ಳುಗಾಡಿಯೂ ಮರುಕಳಿಸುತ್ತವೆ.

ಪ್ರಮುಖ ಚಿತ್ರಗಳು

- ಸ್ಟ್ರೈಕ್ (1925)
- ಬ್ಯಾಟಲ್‌ಶಿಪ್ ಪೊಟೆಮ್ಕಿನ್ (1925)
- ಅಕ್ಟೋಬರ್ (1928)
- ಓಲ್ಡ್ ಅಂಡ್ ನ್ಯೂ (1929)
- ಅಲೆಕ್ಸಾಂಡರ್ ನೆವ್‌ಸ್ಕಿ (1938)
- ಐವಾನ್ ದಿ ಟೆರಿಬಲ್, ಮೊದಲ ಭಾಗ (1945)
- ಐವಾನ್ ದಿ ಟೆರಿಬಲ್, ಎರಡನೆಯ ಭಾಗ (ನಿರ್ಮಾಣ 1946, ಬಿಡುಗಡೆ 1958)